ಪ್ಯಾಕೆಟ್ ಫೋ ಗಾ: ಅರ್ಧ ಬಾಕ್ಸ್ ಹಾಳಾದ ಮೇಲೆ

ಫೋ ಗಾ ಅನ್ನೋ ವಿಯೆಟ್ನಾಮಿನ ಕೋಳಿ-ನೂಡಲ್ ಪ್ಯಾಕೆಟ್ ಸೂಪಿಗೆ ಇಷ್ಟುದ್ದ ಬರೆಯೋದಾ ಅಂತ ನಗಬೇಡಿ. ನನ್ನ ರೂಮ್‌ಮೇಟ್ ಆಗಲೇ ನಕ್ಕು ಮುಗಿಸಿದ್ದಾನೆ. ‘ಬಿಸಿನೀರು ಹುಯ್ಯೋದಕ್ಕೂ ರಿಸರ್ಚಾ ಗುರೂ?’ ಅಂದವನೇ ಹೋದ ಭಾನುವಾರ ಎರಡನೇ ಬಟ್ಟಲು ಕೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕ್ಯೂಸಿ, ಅಂದರೆ ಬಟ್ಟೆಯ ಗುಣಮಟ್ಟ ನೋಡೋನು, ಆಗಿದ್ದವನು. ಈಗ ಮೂರು ವರ್ಷದಿಂದ ವಿಯೆಟ್ನಾಮಿನ ಸೈಗಾನಿನಲ್ಲಿ ಅದೇ ಕೆಲಸ. ಹೋ ಚಿ ಮಿನ್ ಸಿಟಿ ಅನ್ನೋದು ಬೋರ್ಡಿನ ಮೇಲೆ, ಬಾಯಲ್ಲಿ ಸೈಗಾನೇ. ಇಲ್ಲಿ ಅಂಗಡಿಯ ಫೋ ಗಾ ಒಂದು ಬಟ್ಟಲಿಗೆ 60 ಸಾವಿರ ಡಾಂಗ್, ನಮ್ಮ 200 ರೂಪಾಯಿ ಹತ್ತಿರ. ಪ್ಯಾಕೆಟ್ ಆದರೆ ಎಂಟೋ ಒಂಬತ್ತೋ ಸಾವಿರ. ಅಂದಹಾಗೆ ‘ಗಾ’ ಅಂದರೆ ಕೋಳಿ, ಆದರೆ ದನಿ ಇಳಿಸಿ ಹೇಳಬೇಕು. ಸಪಾಟಾಗಿ ಅಂದರೆ ಅದು ರೈಲ್ವೆ ಸ್ಟೇಷನ್. ಮೊದಲ ಆರು ತಿಂಗಳು ನಾನು ಸ್ಟೇಷನ್ ಸೂಪೇ ಕೇಳುತ್ತಿದ್ದೆ.

ಮೂವತ್ತು ಪ್ಯಾಕೆಟ್ಟಿನ ಬಾಕ್ಸ್ ತಂದೆ, ಎರಡೂವರೆ ಲಕ್ಷ ಡಾಂಗ್ ಆಯಿತು. ಗಾಬರಿ ಬೇಡ, 850 ರೂಪಾಯಿ ಅಷ್ಟೇ. ಅದರಲ್ಲಿ ಹದಿನೈದಾದರೂ ಹಾಳು ಮಾಡಿದ್ದೇನೆ.

ಮೊದಲ ತಪ್ಪು ನಮ್ಮವರೆಲ್ಲ ಮಾಡೋದೇ: ಮ್ಯಾಗಿ ಥರ ಪಾತ್ರೆಯಲ್ಲಿ ಕುದಿಸಿದೆ. ಇದು ಎಣ್ಣೆಯಲ್ಲಿ ಕರಿದ ಗೋಧಿ ನೂಡಲ್ ಅಲ್ಲ, ಅಕ್ಕಿಯದು. ಎರಡು ನಿಮಿಷದಲ್ಲಿ ಗಂಜಿ. ಆಮೇಲೆ ಪ್ಯಾಕೆಟ್ ಮೇಲೆ ಬರೆದ ಹಾಗೇ ನೀರು ಹುಯ್ದು ಮೂರು ನಿಮಿಷ ಮುಚ್ಚಿಟ್ಟೆ. ಮೇಲೆ ಮೆತ್ತಗೆ, ನಡುವೆ ದಾರದುಂಡೆ. ಮೂರನೇ ಸಲ ನನ್ನ ಬುದ್ಧಿ ಓಡಿಸಿ ಊರಿಂದ ತಂದ ಕೋಳಿ ಸಾರಿನ ಪುಡಿ ಹಾಕಿದೆ. ಚಕ್ರಮೊಗ್ಗಿನ ಘಮ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ರಜಾ ದಿನ ಇಡೀ ಕೋಳಿ ತಂದು ಎರಡು ಗಂಟೆ ಕೊತಕೊತ ಕುದಿಸಿದೆ. ಸಾರು ಕಲಗಚ್ಚಿನ ಹಾಗೆ, ಎದೆ ಮಾಂಸ ಚಪ್ಪಲಿಯ ಹಾಗೆ. ಅದರಲ್ಲೂ ಉಪ್ಪು ಹಾಕಿದ್ದೆ, ಮೇಲೆ ಪ್ಯಾಕೆಟ್ಟಿನ ಪೂರ್ತಿ ಮಸಾಲೆ ಪುಡಿ ಬೇರೆ ಬಿತ್ತು. ನೂರಿಪ್ಪತ್ತು ಸಾವಿರದ ಕೋಳಿ ಸಿಂಕಿಗೆ.

ಕೆಳಗಿನ ಮನೆಯ ಓನರ್ ಉತ್ತರದ ಹನೋಯ್ ಕಡೆಯವರು. ನಾನು ಅವರನ್ನು ‘ಕೋ’ ಅಂತೀನಿ, ಅಪ್ಪನ ತಂಗಿಯನ್ನು ಕರೆಯೋ ಪದ, ನಮ್ಮ ಸೋದರತ್ತೆ. ಅವರೂ ನಕ್ಕರು. ಇಲ್ಲಿನವರಿಗೆ ಪ್ಯಾಕೆಟ್ ಹೊಸದಲ್ಲ, ಈ ಊರಿನ ಪ್ಯಾಕೆಟ್ ನೂಡಲ್ ಕಂಪನಿ ವಿಫಾನ್ ಶುರುವಾದದ್ದೇ 1963ರಲ್ಲಿ. ಆದರೆ ಅದು ಮಳೆ ಬಂದಾಗ, ಸಂಬಳ ಮುಗಿದಾಗ ತಿನ್ನೋದು. ಅದನ್ನು ಫೋ ಅಂತ ಒಪ್ಪೋದಿಲ್ಲ.

ದಾರಿ ಸಿಕ್ಕಿದ್ದು ಫೋ ಅಂಗಡಿಯಲ್ಲಿ. ಅವರು ನೂಡಲನ್ನು ಸಾರಿನಲ್ಲಿ ಬೇಯಿಸೋದೇ ಇಲ್ಲ. ಬುಟ್ಟಿಯಲ್ಲಿ ಹಾಕಿ ಬೇರೆ ಬಿಸಿನೀರಿನಲ್ಲಿ ಅದ್ದಿ, ಒದರಿ, ಬಟ್ಟಲಿಗೆ ಸುರೀತಾರೆ. ಬಟ್ಟೆ ನೀರಲ್ಲಿ ಎಷ್ಟು ಕುಗ್ಗುತ್ತೆ ಅಂತ ದಿನಾ ಅಳೆಯೋ ನನಗೆ ಇದು ಮೊದಲೇ ಹೊಳೀಬೇಕಿತ್ತು. ಈಗ ನೂಡಲನ್ನು ತಣ್ಣೀರಲ್ಲಿ ಹತ್ತು ನಿಮಿಷ ನೆನೆಸುತ್ತೇನೆ. ಆಮೇಲೆ ಟೀ ಸೋಸೋ ದೊಡ್ಡ ಜಾಲರಿಯಲ್ಲಿ ಹಾಕಿ ಕುದಿಯೋ ನೀರಲ್ಲಿ ಎಣಿಸಿ ಹತ್ತು ಸೆಕೆಂಡ್. ಹನ್ನೆರಡಾದರೆ ಹೋಯಿತು.

ಸಾರಿಗೆ ಎರಡು ಲೆಗ್ ಪೀಸ್, ಎರಡು ಲೀಟರಿಗೆ ಸ್ವಲ್ಪ ಕಮ್ಮಿ ನೀರು. ಶುಂಠಿ, ಈರುಳ್ಳಿ ಸಿಪ್ಪೆ ಸಮೇತ ಬೆಂಕಿಯಲ್ಲಿ ಕರ್ರಗೆ ಸುಟ್ಟು, ಕೆರೆದು ಹಾಕಬೇಕು. ಸಣ್ಣ ಉರಿ, ಅರ್ಧ ಗಂಟೆ, ನೊರೆ ತೆಗೀತಾ ಇರಬೇಕು. ಉಪ್ಪು ಬೇಡವೇ ಬೇಡ. ಕೋಳಿ ತೆಗೆದು ಐಸ್ ನೀರಿಗೆ ಹಾಕಿದರೆ ಚರ್ಮ ಬಿಗಿಯಾಗುತ್ತೆ. ಬಟ್ಟಲಿಗೆ ಮಸಾಲೆ ಪುಡಿ ಅರ್ಧವೇ. ಎಣ್ಣೆ ಪ್ಯಾಕೆಟ್ ಕಟ್ಟಕಡೆಗೆ, ಸಾರು ಹುಯ್ದ ಮೇಲೆ. ಈರುಳ್ಳಿ ಸುಡುವಾಗ ಜೊತೆಗೆ ಇನ್ನೊಂದು ಪದಾರ್ಥವನ್ನೂ ಸುಡುತ್ತೇನೆ, ಅದು ನನ್ನಲ್ಲೇ ಇರಲಿ. ಬ್ರ್ಯಾಂಡ್ ಯಾವುದು ಅಂತಲೂ ಕೇಳಬೇಡಿ.

ನಾಲ್ಕು ಬಟ್ಟಲಾಗುತ್ತೆ. ಕೋಳಿ, ಸೊಪ್ಪು, ಪ್ಯಾಕೆಟ್ ಎಲ್ಲ ಸೇರಿ ಬಟ್ಟಲಿಗೆ 22 ಸಾವಿರ ಡಾಂಗ್ ಬೀಳಬಹುದು, ಎಪ್ಪತ್ತು ಚಿಲ್ಲರೆ ರೂಪಾಯಿ.

ಮಧ್ಯೆ ಸುಮ್ನೆ ಇರಲಾರದೆ ನಮ್ಮ ಒಣ ಅಕ್ಕಿ ಶಾವಿಗೆಗೂ ಇದೇ ಸಾರು ಹುಯ್ದು ನೋಡಿದೆ. ಐದು ನಿಮಿಷದಲ್ಲಿ ಸಾರೆಲ್ಲ ಕುಡಿದು ಉಪ್ಪಿಟ್ಟಾಗಿ ಕೂತಿತು. ರುಚಿ ಮಾತ್ರ ಪರವಾಗಿಲ್ಲ, ಚಮಚದಲ್ಲಿ ತಿಂದೆವು. ನಿಂಬೆ ಎಲೆ ಪ್ರಯೋಗ ಗೆದ್ದಿತು. ನಾವು ಮಜ್ಜಿಗೆಗೆ ಹಿಚುಕಿ ಹಾಕ್ತೀವಲ್ವಾ, ಹನೋಯ್‌ನವರು ಅದನ್ನೇ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಕೋಳಿ ಮೇಲೆ ಉದುರಿಸ್ತಾರೆ. ಮೊಳಕೆ ಕಾಳು, ಸಿಹಿ ಸಾಸ್ ಎಲ್ಲ ಸೈಗಾನಿನವರ ಚಟ. ಕೋ ಎದುರಿಗೆ ಅದನ್ನು ಹಾಕಿದರೆ ಮುಖ ಸಿಂಡರಿಸ್ತಾರೆ.

ಭಾನುವಾರ ಅವರಿಗೂ ಒಂದು ಬಟ್ಟಲು ಕೊಟ್ಟೆ. ಮೊದಲು ಬರೀ ಸಾರು ಕುಡಿದರು. ಮಾತಿಲ್ಲ. ಅರ್ಧ ಮುಗಿಸಿ ‘ಯಾವ ಅಂಗಡಿಯದು?’ ಅಂದರು. ಪ್ಯಾಕೆಟ್ ಅಂದೆ. ನಂಬದೆ ಎದ್ದು ಹೋಗಿ ನಮ್ಮ ಕಸದ ಡಬ್ಬಿಯನ್ನೇ ನೋಡಿಬಂದರು.

ಮಾರನೆಯ ದಿನ ಬಾಗಿಲ ಹಿಡಿಗೆ ಒಂದು ಕವರ್ ನೇತಾಡುತ್ತಿತ್ತು. ಒಳಗೆ ಒಂದು ಹಿಡಿ ನಿಂಬೆ ಎಲೆ, ಎರಡು ಪ್ಯಾಕೆಟ್ ಫೋ ಗಾ.