ಗದ್ದೆಯಿಂದ ಕುಂತಿಬೆಟ್ಟಕ್ಕೆ ಹೊಗೆಯಲ್ಲಿ ಸುದ್ದಿ ಕಳಿಸಿದ ಕಥೆ

"ಮಾವ, ಎರಡು ಹೊಗೆ ಕಾಣ್ತಾ ಇದೆ. ಎರಡು ಅಂದ್ರೆ ಊಟ ತರೋದು ಅಲ್ವಾ?" ಅಂತ ಕುಂತಿಬೆಟ್ಟದ ಮೇಲಿಂದ ಅಕ್ಕನ ಮಗ ಫೋನ್ ಮಾಡಿದಾಗ ನಾನು ಇನ್ನೂ ಬೆಂಕಿಪೊಟ್ಟಣ ಹುಡುಕುತ್ತಿದ್ದೆ. ನಮ್ಮ ಗದ್ದೆಯಲ್ಲಿ ಒಂದು ಹೊಗೆಯೂ ಎದ್ದಿರಲಿಲ್ಲ. ಅವನು ನೋಡಿದ್ದು ಪಕ್ಕದೂರಿನ ಎರಡು ಆಲೆಮನೆಗಳ ಹೊಗೆ.

ಇದೆಲ್ಲ ಶುರುವಾಗಿದ್ದು 2025ರ ಮೇ ತಿಂಗಳಲ್ಲಿ. ಹೊಸ ಪೋಪ್ ಆಯ್ಕೆಯಾಯ್ತು ಅಂತ ವ್ಯಾಟಿಕನ್‌ನ ಚಿಮಣಿಯಿಂದ ಬಿಳಿ ಹೊಗೆ ಬಿಟ್ಟಿದ್ದನ್ನು ಟಿವಿಯಲ್ಲಿ ನೋಡಿ, ಫೋನ್ ಇರೋ ಕಾಲದಲ್ಲಿ ಹೊಗೆ ಯಾಕೆ, ಹಿಂದಿನವರು ನಿಜವಾಗಿ ಹೀಗೆ ಸುದ್ದಿ ಕಳಿಸ್ತಿದ್ರಾ ಅಂತ ಹುಡುಗ ಕೇಳಿದ. ಹಳೇ ಕಾಲದ ಸುದ್ದಿ ಸಾಗಣೆ ಬಗ್ಗೆ ವರ್ಷಗಳಿಂದ ಓದಿಕೊಂಡು ಬಂದವನು ನಾನು. ಚೀನಾದ ಮಹಾಗೋಡೆಯ ಕಾವಲು ಗೋಪುರಗಳ ಕಥೆ ಹೇಳಿದೆ. ಹಗಲು ಹೊಗೆ, ರಾತ್ರಿ ಬೆಂಕಿ. ಮಿಂಗ್ ದೊರೆಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಅದಕ್ಕೊಂದು ಲೆಕ್ಕವೂ ಇತ್ತು. ಶತ್ರುಗಳು ನೂರು ಜನ ಇದ್ದರೆ ಒಂದು ಹೊಗೆ, ಒಂದು ತೋಪಿನ ಸದ್ದು. 500 ಆದರೆ ಎರಡು, ಸಾವಿರ ದಾಟಿದರೆ ಮೂರು, 5000ಕ್ಕೆ ನಾಲ್ಕು, 10,000ಕ್ಕೆ ಐದು. "ನಾವೂ ಮಾಡೋಣ" ಅಂದ. ನನಗೂ ಆಸೆ ಇತ್ತು. ಓದಿದ್ದೇ ಆಯ್ತು, ಒಂದು ಸಲವೂ ಕೈಯಾರೆ ಮಾಡಿ ನೋಡಿರಲಿಲ್ಲ.

ಭತ್ತ ಕುಯ್ದು ಗದ್ದೆ ಖಾಲಿಯಾಗೋವರೆಗೂ ಕಾದೆವು. ಸಂಕ್ರಾಂತಿಗೆ ಹತ್ತು ದಿನ ಇರುವಾಗ ಜಾಗ ಗೊತ್ತು ಮಾಡಿದೆವು. ಗದ್ದೆಯಿಂದ ಬೆಟ್ಟಕ್ಕೆ ಸುಮಾರು ಎರಡೂವರೆ ಕಿಲೋಮೀಟರ್. ಬೆಟ್ಟದ ಮೇಲೆ ಒಣಹುಲ್ಲು, ಅಲ್ಲಿ ಬೆಂಕಿ ಹಚ್ಚುವ ಮಾತೇ ಇಲ್ಲ. ಬೆಂಕಿ ಗದ್ದೆಯಲ್ಲಿ, ನೋಡುವವನು ಬೆಟ್ಟದ ಮೇಲೆ. ಸುತ್ತ ಹುಲ್ಲು ಕೆರೆದು, ನಾಲ್ಕು ಕೊಡ ನೀರು ಇಟ್ಟು, ಔಷಧಿ ಹೊಡೆಯುವ ಕ್ಯಾನನ್ನು ಚೆನ್ನಾಗಿ ತೊಳೆದು ಅದಕ್ಕೂ ನೀರು ತುಂಬಿಸಿದ್ದೆ. ಇಷ್ಟಿಲ್ಲದೆ ಯಾರೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲ ದಿನ ಬೆಳಗ್ಗೆ ಏಳಕ್ಕೇ ಹಚ್ಚಿದೆ. ಹೊಗೆ ತೆಂಗಿನ ಮರದೆತ್ತರಕ್ಕೆ ಹೋಗಿ, ಅಲ್ಲಿಂದ ಮೇಲಕ್ಕೇರದೆ ಗದ್ದೆ ಬಯಲಿನ ಮೇಲೆ ಹಚ್ಚಡದ ಹಾಗೆ ಹಾಸಿಕೊಂಡಿತು. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತೆ, ಅದರ ಮೇಲಿನದು ಬೆಚ್ಚಗಿರುತ್ತೆ. ಹೊಗೆ ಮೇಲೇಳುತ್ತಾ ಆರಿ, ಆ ಬೆಚ್ಚನೆಯ ಪದರ ದಾಟಲಾಗದೆ ಅಡ್ಡಕ್ಕೆ ಹರಡುತ್ತೆ. ಹತ್ತು ಗಂಟೆಗೆ ಬಿಸಿಲು ಬಲಿತ ಮೇಲೆ ಅದೇ ಹೊಗೆ ಕಂಬದ ಹಾಗೆ ನಿಂತಿತು. ಮಧ್ಯಾಹ್ನ ಗಾಳಿ ಎದ್ದು ಚೂರುಚೂರು ಮಾಡಿತು. ನಮ್ಮ ಕಡೆ, ಈ ಕಾಲದಲ್ಲಿ, ಒಳ್ಳೇ ಹೊಗೆ ಸಿಗೋದು ದಿನಕ್ಕೆ ಎರಡು ಗಂಟೆ ಅಷ್ಟೇ.

ಹೊಗೆ ಬೇಕು ಅಂತ ಮೊದಲೇ ಹಸಿ ಸೊಪ್ಪು ಒಟ್ಟಿದರೆ ಕೆಲಸ ಕೆಡುತ್ತೆ. ಮೊದಲು ಕೆಂಡ ಬೇಕು. ಒಣ ಸೌದೆ, ತೆಂಗಿನ ಮಟ್ಟೆ ಹಾಕಿ ಅರ್ಧ ಗಂಟೆ ಚೆನ್ನಾಗಿ ಉರಿಸಬೇಕು, ಆಮೇಲೆ ಹಸಿ ಹುಲ್ಲು, ಹೊಂಗೆ ಸೊಪ್ಪು. ಸೊಪ್ಪಿನ ನೀರು ಆವಿಯಾಗಿ, ಪೂರ್ತಿ ಉರಿಯದ ಹನಿಗಳ ಜೊತೆ ಸೇರಿ ದಟ್ಟ ಬಿಳಿ ಹೊಗೆ ಏಳುತ್ತೆ. ಕೆಂಡದ ಕಾವು ಇದ್ದರೇನೇ ಅದು ಮೇಲಕ್ಕೆ ಹೋಗೋದು. ಕಾವಿಲ್ಲದ ಹೊಗೆ ನೆಲ ಬಿಟ್ಟು ಏಳಲ್ಲ.

ಹೊಗೆಯನ್ನು ತುಂಡು ಮಾಡೋದು ಇನ್ನೊಂದು ಕೆಲಸ. ನೆನೆಸಿದ ಗೋಣಿಚೀಲವನ್ನು ನಾನು, ನನ್ನ ತಮ್ಮ ಎರಡು ಕಡೆ ಹಿಡಿದು ಬೆಂಕಿಗೆ ಮುಚ್ಚಿದೆವು. ಮೂರನೇ ಸಲಕ್ಕೆ ಅಂಚು ಹೊತ್ತಿಕೊಂಡಿತು. ಆಮೇಲೆ ಅಪ್ಪನ ಹಳೇ ಕುರಿ ಕಂಬಳಿ ತಂದೆ. ಉಣ್ಣೆಗೆ ಬೇಗ ಬೆಂಕಿ ಹತ್ತಲ್ಲ, ನೀರನ್ನೂ ಹೀರಿಕೊಂಡು ಇಟ್ಟುಕೊಳ್ಳುತ್ತೆ. ಎರಡು ಬಿದಿರ ಗಳಕ್ಕೆ ಕಟ್ಟಿ ದೂರದಿಂದ ಹಿಡಿದೆವು, ಇಲ್ಲದಿದ್ದರೆ ಆವಿಗೆ ಕೈ ಸುಡುತ್ತೆ. ಹದಿನೈದು ಎಣಿಸುವವರೆಗೆ ಮುಚ್ಚಿ, ಹದಿನೈದು ಎಣಿಸುವವರೆಗೆ ಎತ್ತಿದರೆ ಒಂದು ಉಂಡೆ ಹೊಗೆ ಬಿಡಿಸಿಕೊಂಡು ಮೇಲೇಳುತ್ತೆ. ಮೊದಲ ಉಂಡೆ ಬಿಡಿಯಾಗಿ ಎದ್ದಿದ್ದನ್ನು ನೋಡಿದಾಗ ಆದ ಖುಷಿ ಹೇಳೋಕಾಗಲ್ಲ.

ಅಷ್ಟರಲ್ಲಿ ಪಕ್ಕದ ಜಮೀನಿನ ದೊಡ್ಡಪ್ಪ ಓಡಿ ಬಂದರು. "ಏನ್ಲಾ, ಮೆದೆಗೆ ಬೆಂಕಿ ಬಿತ್ತೇನ್ಲಾ?" ಹೊಗೆ ಕಂಡರೆ ಊರಲ್ಲಿ ಎಲ್ಲರಿಗೂ ಗೊತ್ತಿರೋ ಅರ್ಥ ಅದೊಂದೇ. ನನಗೆ ಅಲ್ಲೇ ಒಂದು ವಿಷಯ ಹೊಳೆಯಿತು. ಮೊದಲೇ ಮಾತಾಡಿಕೊಂಡಿಲ್ಲ ಅಂದ್ರೆ ಹೊಗೆ "ಬೆಂಕಿ" ಅನ್ನೋದು ಬಿಟ್ಟು ಬೇರೆ ಏನೂ ಹೇಳಲ್ಲ. ಸಿನಿಮಾದಲ್ಲಿ ಅಮೆರಿಕದ ಮೂಲನಿವಾಸಿಗಳು ಹೊಗೆಯಲ್ಲಿ ಉದ್ದುದ್ದ ಮಾತಾಡೋದನ್ನು ತೋರಿಸ್ತಾರೆ. ಎಲ್ಲರಿಗೂ ಒಂದೇ ಅನ್ನುವಂಥ ಹೊಗೆ ಭಾಷೆ ಅವರಲ್ಲಿ ಇರಲಿಲ್ಲ. ಆಯಾ ಗುಂಪಿನವರು ತಮ್ಮತಮ್ಮಲ್ಲೇ ಅರ್ಥ ಗೊತ್ತು ಮಾಡಿಕೊಳ್ಳುತ್ತಿದ್ದರು. ಹೊಗೆ ಶತ್ರುವಿಗೂ ಕಾಣುತ್ತೆ ಅಲ್ವಾ.

ಬಣ್ಣದ ವಿಷಯ ನಾನು ಬೆಟ್ಟ ಹತ್ತಿದ ದಿನ ಗೊತ್ತಾಯ್ತು. ಮೇಲಿಂದ ಕೆಳಕ್ಕೆ ನೋಡಿದರೆ ಹಿಂದೆ ಕಬ್ಬು, ತೆಂಗಿನ ಹಸಿರು, ಅದರ ಮುಂದೆ ಬಿಳಿ ಹೊಗೆ ಎದ್ದು ಕಾಣುತ್ತೆ. ಅದೇ ಹೊಗೆಯನ್ನು ಕೆಳಗಿಂದ ಆಕಾಶದ ಕಡೆ ನೋಡಿದರೆ ಮೋಡದಲ್ಲಿ ಕಳೆದುಹೋಗುತ್ತೆ. ಎರಡು ಬೆಂಕಿಗಳನ್ನು ಹತ್ತು ಹೆಜ್ಜೆ ದೂರ ಇಟ್ಟಿದ್ದೆ, ಮೇಲಿಂದ ಎರಡೂ ಸೇರಿ ಒಂದೇ ಹೊಗೆ ಥರ ಕಂಡಿತು. ನಲವತ್ತು ಹೆಜ್ಜೆ ದೂರ ಇಟ್ಟ ಮೇಲೆ ಬೇರೆಬೇರೆ ಕಂಡವು.

ಇಷ್ಟಾದರೂ ಆಲೆಮನೆ ತೊಂದರೆ ಹಾಗೇ ಇತ್ತು. ಎಣಿಕೆ ನೆಚ್ಚಿಕೊಂಡರೆ ಹುಡುಗ ಪಕ್ಕದೂರಿನ ಹೊಗೆಯನ್ನೂ ಸೇರಿಸಿ ಎಣಿಸುತ್ತಾನೆ. ಹಾಗಾದರೆ ಅಕ್ಷರಗಳನ್ನೇ ಕಳಿಸೋಣ ಅಂತ ಹೊರಟೆವು. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇದನ್ನು ವಿವರಿಸಿದ್ದಾನೆ. ಅಕ್ಷರಗಳನ್ನು ಐದು ಹಲಗೆಗಳಲ್ಲಿ ಹಂಚಿ, ಎಡಗಡೆ ಎತ್ತಿದ ಪಂಜುಗಳು ಎಷ್ಟನೇ ಹಲಗೆ, ಬಲಗಡೆ ಎತ್ತಿದವು ಅದರಲ್ಲಿ ಎಷ್ಟನೇ ಅಕ್ಷರ ಅಂತ ತೋರಿಸೋದು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಏಳೇಳ್ಲ ನಲವತ್ತೊಂಬತ್ತು! ಹುಡುಗ ನೋಟ್‌ಬುಕ್ಕಿನಲ್ಲಿ ಏಳು ಸಾಲು, ಏಳು ಮನೆ ಗೀಚಿ ಅ ಇಂದ ಳ ವರೆಗೆ ತುಂಬಿಸಿದ, ಒಂದು ಮನೆಯೂ ಖಾಲಿ ಉಳಿಯಲಿಲ್ಲ, ಹೆಚ್ಚೂ ಆಗಲಿಲ್ಲ. "ನೀರು" ಅನ್ನೋದನ್ನು ನ, ಈ, ರ, ಉ ಅಂತ ಬಿಡಿಸಿದೆವು. ಐದನೇ ಸಾಲಿನ ಏಳು, ಒಂದನೇ ಸಾಲಿನ ನಾಲ್ಕು, ಆರನೇ ಸಾಲಿನ ಏಳು, ಒಂದನೇ ಸಾಲಿನ ಐದು. ಕೂಡಿದರೆ 36 ಉಂಡೆ. ಉಂಡೆಗೆ ಅರ್ಧ ನಿಮಿಷ, ಒಟ್ಟು 18 ನಿಮಿಷ, ಬರೀ ನೀರು ಅನ್ನೋದಕ್ಕೆ! ನಾಲ್ಕನೇ ಅಕ್ಷರಕ್ಕೆ ಬರೋಷ್ಟರಲ್ಲಿ ಕೆಂಡವೂ ಆರಿತ್ತು, ತಮ್ಮನ ತೋಳೂ ಸೋತಿತ್ತು. ರಾತ್ರಿ ಎರಡು ಮನೆಗಳ ತಾರಸಿ ಮೇಲೆ ನಿಂತು ಟಾರ್ಚಿನಲ್ಲಿ ಅದನ್ನೇ ಕಳಿಸಿದಾಗ ನಾಲ್ಕು ನಿಮಿಷ ಸಾಕಾಯ್ತು. ಹುಡುಗ ಏಳನ್ನು ಆರು ಅಂತ ಎಣಿಸಿ ಒಮ್ಮೆ "ನೀಯು" ಅಂತ ಓದಿದ, ಎರಡನೇ ಸಲ ಸರಿಹೋಯ್ತು. ಅಕ್ಷರಕ್ಕೆ ಬೆಳಕೇ ಸರಿ. ಪಾಲಿಬಿಯಸ್ ಪಂಜು ಹಿಡಿಸಿದ್ದು ಯಾಕೆ ಅಂತ ಕಂಬಳಿ ಎತ್ತಿದ ಮೇಲೆ ಅರ್ಥವಾಯ್ತು.

ಕೊನೆಗೆ ಕೈ ಹಿಡಿದಿದ್ದು ಬೈಜಾಂಟಿಯಂನವರು, ಅಂದ್ರೆ ಪೂರ್ವ ರೋಮನ್ ಸಾಮ್ರಾಜ್ಯದವರು. 9ನೇ ಶತಮಾನದಲ್ಲಿ, ಥಿಯೋಫಿಲಸ್ ದೊರೆಯ ಕಾಲದಲ್ಲಿ, ಗಡಿಯ ಲೂಲಾನ್ ಕೋಟೆಯಿಂದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ವರೆಗೆ ಸುಮಾರು 720 ಕಿಲೋಮೀಟರ್ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚಿ ಒಂದು ಗಂಟೆಯಲ್ಲಿ ಸುದ್ದಿ ಮುಟ್ಟಿಸುತ್ತಿದ್ದರು. ಲಿಯೋ ಎಂಬ ಗಣಿತಜ್ಞ ಎರಡೂ ತುದಿಯಲ್ಲಿ ಒಂದೇ ಸಮ ನಡೆಯುವ ಗಡಿಯಾರ ಇಡಿಸಿದ. ಗಂಟೆಗೆ ಒಂದರಂತೆ ಹನ್ನೆರಡು ಗಂಟೆಗಳಿಗೆ ಹನ್ನೆರಡು ಸುದ್ದಿ. ಬೆಂಕಿ ಒಂದೇ, ಅದು ಯಾವ ಗಂಟೆಗೆ ಹತ್ತಿತು ಅನ್ನೋದೇ ಸುದ್ದಿ. ಎಷ್ಟು ಚೆಂದದ ಬುದ್ಧಿ ನೋಡಿ! ನಮಗೆ ಗಡಿಯಾರ ಮೊಬೈಲಲ್ಲೇ ಇತ್ತು. ಹತ್ತರಿಂದ ಹತ್ತು ಇಪ್ಪತ್ತರ ಒಳಗೆ ಹೊಗೆ ಬಂದರೆ ನಾಲೆಯಲ್ಲಿ ಕಟ್ಟು ನೀರು ಬಂತು ಅಂತ. ಹತ್ತು ಇಪ್ಪತ್ತರಿಂದ ಹತ್ತು ನಲವತ್ತು ಅಂದ್ರೆ ಊಟ ತಗೊಂಡು ಬಾ. ಅಲ್ಲಿಂದ ಹನ್ನೊಂದರವರೆಗೆ ಆದರೆ ನಾವೇ ಮನೆಗೆ ಬರ್ತೀವಿ. ಇದು ನಮ್ಮದೇ ಹೊಗೆ ಅನ್ನೋದಕ್ಕೆ ಮೂರು ಉಂಡೆ, ಯಾಕಂದ್ರೆ ಆಲೆಮನೆ ಹೊಗೆ ಕಡಿಯದೆ ಏಳುತ್ತೆ. ವ್ಯಾಟಿಕನ್‌ನವರಿಗೂ ಇದೇ ಕಷ್ಟ ಬಂದಿತ್ತು. ಹೊಗೆ ಬಿಳಿಯೋ ಕಪ್ಪೋ ಅಂತ 1958ರಲ್ಲಿ ಜನ ಗೊಂದಲಕ್ಕೆ ಬಿದ್ದಿದ್ದರು. 2005ರಿಂದ ಬಿಳಿ ಹೊಗೆ ಜೊತೆ ಗಂಟೆಯನ್ನೂ ಬಾರಿಸುತ್ತಾರೆ.

ಉತ್ತರಕ್ಕೆ ಹುಡುಗನ ಕೈಗೆ ಕನ್ನಡಿ ಕೊಟ್ಟಿದ್ದೆ. ಬ್ರಿಟಿಷ್ ಎಂಜಿನಿಯರ್ ಹೆನ್ರಿ ಮ್ಯಾನ್ಸ್ 1869ರಲ್ಲಿ ಇದೇ ಕನ್ನಡಿ ಬೆಳಕನ್ನು ಸುದ್ದಿ ಕಳಿಸುವ ಯಂತ್ರ ಮಾಡಿದ, ಬ್ರಿಟಿಷ್ ಸೈನ್ಯ ಅದನ್ನು ಎಷ್ಟೋ ವರ್ಷ ಬಳಸಿತು.

ಐದನೇ ದಿನ. ಹತ್ತು ಇಪ್ಪತ್ತೈದಕ್ಕೆ ಕಂಬಳಿ ಎತ್ತಿದೆವು. ಒಂದು, ಎರಡು, ಮೂರು. ಫೋನುಗಳನ್ನು ಬೇಕಂತಲೇ ಆಫ್ ಮಾಡಿದ್ದೆವು. ಬೆಟ್ಟದ ಕಡೆ ನೋಡುತ್ತಾ ನಿಂತರೆ ಒಂದೊಂದು ನಿಮಿಷವೂ ಉದ್ದವಾಗುತ್ತೆ. ಕಂಬಳಿ ಎತ್ತೋದಕ್ಕಿಂತ ಕಣ್ಣು ಬಿಟ್ಟುಕೊಂಡು ಕಾಯೋದೇ ದೊಡ್ಡ ಕೆಲಸ. ಆ ಗೋಪುರಗಳಲ್ಲಿ ಜನ ಹಗಲೂ ರಾತ್ರಿ ಹೀಗೇ ಕೂತಿರುತ್ತಿದ್ದರಲ್ಲ ಅಂತ ನೆನೆದು ಮನಸ್ಸು ಭಾರವಾಯ್ತು. ಅಷ್ಟರಲ್ಲಿ ಬಂಡೆ ಮೇಲಿಂದ ಕನ್ನಡಿ ಎರಡು ಸಲ ಮಿಂಚಿತು, ಕಣ್ಣಿಗೆ ಚುಚ್ಚುವಷ್ಟು.

ಹನ್ನೆರಡಕ್ಕೆ ಮೊದಲೇ ಹುಡುಗ ಸೈಕಲ್ ಮೇಲೆ ಬದುವಿನ ಹತ್ತಿರ ಬಂದ. ಹ್ಯಾಂಡಲ್‌ನಲ್ಲಿ ಮುದ್ದೆ, ಉಪ್ಸಾರಿನ ಕ್ಯಾರಿಯರ್ ತೂಗುತ್ತಿತ್ತು.