ಎತ್ತಿಗೆ ಬೇಯಿಸುವ ಹುರುಳಿ, ಮೀನಿಗೂ ಬೇಯಲಿ

ಎತ್ತಿಗೆ ಹುರುಳಿ ಇಡುವ ಮನೆಗಳಲ್ಲಿ ಅದನ್ನು ಬೇಯಿಸಿಯೇ ಇಡುತ್ತಾರೆ. ಆ ರೂಢಿ ನೆನಪಾಗದೆ ನಾನು ಕೃಷಿ ಹೊಂಡದ ಮೀನಿಗೆ ಹಸಿ ಹುರುಳಿಯನ್ನು ಗಿರಣಿಯಲ್ಲಿ ಬೀಸಿಸಿ, ತೌಡಿಗೆ ಬೆರೆಸಿ ಎರಡು ತಿಂಗಳು ಹಾಕಿದೆ. ಮೀನುಗಳು ತಿಂದವು, ಮೈ ತುಂಬಲಿಲ್ಲ.

ತಪ್ಪು ಕಾಳಿನದಲ್ಲ. ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಅಡ್ಡಗಾಲು ಹಾಕುವ ಅಂಶ ಹಸಿ ಹುರುಳಿಯಲ್ಲೂ ಸೋಯಾದಲ್ಲೂ ಇದೆ. ಹೊಂಡದಲ್ಲಿ ಸಾಕುವ ಗೆಂಡೆ ಜಾತಿಯ ಮೀನುಗಳು, ಅಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಇವಕ್ಕೆ ಜಠರವೇ ಇಲ್ಲ. ಪಚನದ ಭಾರವೆಲ್ಲ ಕರುಳಿನ ಮೇಲೆ. ಅಲ್ಲಿ ಟ್ರಿಪ್ಸಿನ್ ಕಟ್ಟಿಹಾಕಿದರೆ ತಿಂದದ್ದು ಹಾಗೆಯೇ ಹೊರಗೆ. ಚೆನ್ನಾಗಿ ಬೆಂದರೆ ಈ ತೊಡಕು ಬಹುಮಟ್ಟಿಗೆ ತೀರುತ್ತದೆ.

ಇಷ್ಟೆಲ್ಲ ಯಾಕೆ ಎಂದರೆ, ಕಾರ್ಖಾನೆಯ ಆಹಾರಕ್ಕೆ ಬೀಳುವ ಮೀನಿನ ಪುಡಿ ದುಬಾರಿ. ಭೂತಾಯಿಯಂಥ ಸಣ್ಣ ಮೀನುಗಳನ್ನು ಒಣಗಿಸಿ ಅರೆದ ಈ ಪುಡಿಯಲ್ಲಿ ಸುಮಾರು 60 ಶೇಕಡ ಪ್ರೋಟೀನ್ ಇರುತ್ತದೆ, ನಿಜ. ಆದರೆ ಬೆಳೆಯುವ ಗೆಂಡೆ ಜಾತಿಯ ಮೀನಿಗೆ ಆಹಾರದಲ್ಲಿ 25ರಿಂದ 30 ಶೇಕಡ ಇದ್ದರೆ ಸಾಕು. ಹುರುಳಿಯಲ್ಲಿ ಸುಮಾರು 22, ಶೇಂಗಾ ಹಿಂಡಿಯಲ್ಲಿ 40ರ ಆಸುಪಾಸು. ಶೇಂಗಾ ಕೂಡ ದ್ವಿದಳ ಕುಟುಂಬದ್ದೇ. ಹಿಂಡಿ ತಿನ್ನಿಸುವ ನಮ್ಮ ಹೊಂಡಗಳಿಗೆ ದ್ವಿದಳದ ನೆಂಟಸ್ತನ ಹೊಸದೇನಲ್ಲ.

ಹತ್ತು ಕೆಜಿ ಆಹಾರಕ್ಕೆ ಒಣ ತೂಕದಲ್ಲಿ ಹುರುಳಿ 3 ಕೆಜಿ, ಶೇಂಗಾ ಹಿಂಡಿ 4 ಕೆಜಿ, ಅಕ್ಕಿ ತೌಡು 2.8 ಕೆಜಿ, ಖನಿಜ ಮಿಶ್ರಣ 200 ಗ್ರಾಂ. ಲೆಕ್ಕ ಹಾಕಿದರೆ ಪ್ರೋಟೀನ್ 26 ಶೇಕಡದ ಆಸುಪಾಸು ಬರುತ್ತದೆ. ಕಾಳುಗಳಲ್ಲಿ ಮೆಥಿಯೋನಿನ್ ಎಂಬ ಪ್ರೋಟೀನಿನ ಘಟಕ ಕಡಿಮೆ. ಆದ್ದರಿಂದ ಶೇಂಗಾ ಹಿಂಡಿಯಲ್ಲಿ ಒಂದು ಕೆಜಿ ತೆಗೆದು ಅದು ಹೆಚ್ಚಿರುವ ಎಳ್ಳು ಹಿಂಡಿ ಹಾಕಿದರೆ ಇನ್ನೂ ಒಳ್ಳೆಯದು. ಹಿಂಡಿಯನ್ನು ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಹಸಿರು ಬೂಸ್ಟು ಕಂಡರೆ, ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ.

ರಾತ್ರಿ ಹುರುಳಿ ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಬೇಯಿಸಿ. ಎರಡು ಬೆರಳ ನಡುವೆ ಹಿಚುಕಿದರೆ ಕಾಳು ಒಳಗೆ ಗಟ್ಟಿ ಉಳಿಯದೆ ಮೆತ್ತಗೆ ಹರಡಬೇಕು, ಅಲ್ಲಿಯವರೆಗೆ ಒಲೆ ಆರಿಸಬೇಡಿ. ಬೆಂದದ್ದನ್ನು ಬಿಸಿಯಿರುವಾಗಲೇ ಮಸೆದು, ಪುಡಿ ಮಾಡಿದ ಹಿಂಡಿ, ತೌಡು ಸೇರಿಸಿ ನಾದಿ. ಆರಿದ ಮೇಲೆ ಖನಿಜ ಮಿಶ್ರಣ. ಹುರುಳಿಯ ಅಂಟೇ ಸಾಕಾಗುತ್ತದೆ. ಸಾಲದಿದ್ದರೆ ಸ್ವಲ್ಪ ರಾಗಿ ಅಂಬಲಿ. ಉಂಡೆಯೊಂದನ್ನು ನೀರಿನ ಲೋಟಕ್ಕೆ ಬಿಟ್ಟು ನೋಡಿ: ಹತ್ತು ನಿಮಿಷದೊಳಗೆ ಕರಗಿ ಲೋಟ ಕದಡಿದರೆ ಮತ್ತೆ ನಾದಬೇಕು. ಅಂದಂದಿಗೆ ಉಂಡೆ ಸಾಕು. ಕೂಡಿಡುವುದಾದರೆ ಶ್ಯಾವಿಗೆ ಒರಳಿನಲ್ಲಿ ಒತ್ತಿ, ನೆರಳಲ್ಲಿ ಗರಿಗರಿ ಒಣಗಿಸಿ.

ಸರಾಸರಿ 200 ಗ್ರಾಂ ತೂಗುವ 500 ಮೀನುಗಳಿದ್ದರೆ ಒಟ್ಟು 100 ಕೆಜಿ. ಅದರ 2 ಶೇಕಡ, ಅಂದರೆ ದಿನಕ್ಕೆ ಒಣ ಲೆಕ್ಕದಲ್ಲಿ 2 ಕೆಜಿ ಆಹಾರ. ಜಠರವಿಲ್ಲದ ಪ್ರಾಣಿಗೆ ಒಂದೇ ಸಲ ಸುರಿಯುವುದು ದಂಡ. ಎರಡು ಹೊತ್ತಿಗೆ ಹಂಚಿ. ಎರಚುವುದಕ್ಕಿಂತ ಬುಟ್ಟಿಯಲ್ಲಿ ಹಾಕಿ ಗಳಕ್ಕೆ ಕಟ್ಟಿ ಇಳಿಸಿ. ಎರಡು ತಾಸಿನ ನಂತರ ಎತ್ತಿದಾಗ ಉಳಿದಿದ್ದರೆ ನಾಳೆಯ ಪಾಲು ಕಡಿಮೆ ಮಾಡಿ. ಸಣ್ಣ ಮರಿಗಳಿಗೆ ಈ ಆಹಾರ ಬೇಡ, ಅವಕ್ಕೆ ಇನ್ನೂ ಸತ್ವ ಬೇಕು.

ಮೋಡ ಕವಿದ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವೆಂದು ತಿಳಿಯಬೇಡಿ, ಅವು ಉಸಿರಿಗೆ ಒದ್ದಾಡುತ್ತಿವೆ. ಬುಟ್ಟಿಯನ್ನು ದಡದಲ್ಲೇ ಬಿಟ್ಟು ಮೊದಲು ಪಂಪು ಹಾಕಿ, ಹೊಂಡದ ನೀರನ್ನೇ ಮೇಲಿಂದ ಸುರಿಸಿ.