ವಾಲಿದ ಕಂಬಗಳ ಲೆಕ್ಕ

2021ರ ಜುಲೈನಲ್ಲಿ ನಮ್ಮೂರಿಗೆ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಯಲ್ಲಾಪುರ ತಾಲ್ಲೂಕಿನ ಘಟ್ಟದಂಚಿನ ಊರು ನಮ್ಮದು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಹೋಗೋದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ಆ ಸಲದ ಮಳೆಗೆ ಕಳಚೆಯಲ್ಲಿ ಗುಡ್ಡವೇ ಇಳಿದು ತೋಟದ ಮೇಲೆ ಬಂತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದು ಹೆದ್ದಾರಿ ಬಂದಾಯಿತು. ನಮ್ಮೂರಲ್ಲಿ ಅಂಥದ್ದೇನೂ ಆಗಲಿಲ್ಲ. ಒಂದು ಕಂಬ ಬಿತ್ತು, ಅಷ್ಟೇ. ಅದು ಎಲ್ಲಿ ಬಿದ್ದಿದೆ ಅಂತ ಹುಡುಕೋಕೇ ನಾಲ್ಕು ದಿನ ಬೇಕಾಯಿತು.

ನಮ್ಮಪ್ಪ ನಿವೃತ್ತ ಲೈನ್‌ಮ್ಯಾನ್. ಮೊದಲನೇ ದಿನವೇ ಜಗಲಿಯಲ್ಲಿ ಕೂತುಕೊಂಡು, "ಹಳ್ಳ ದಾಟಿದ ಮೇಲೆ ಮೂರನೇದೋ ನಾಲ್ಕನೇದೋ ಇರ್ತದೆ ನೋಡು ತಮಾ" ಅಂದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಹಾಕಿಕೊಳ್ಳಲಿಲ್ಲ. ಕೊನೆಗೆ ಸಿಕ್ಕಿದ್ದು ನಾಲ್ಕನೇ ಕಂಬವೇ.

ಈಗಿನ ಲೈನ್‌ಮ್ಯಾನ್‌ಗಳದ್ದು ತಪ್ಪು ಅಂತ ಅಲ್ಲ. ಹೆಚ್ಚಿನವರು ಬಯಲುಸೀಮೆಯಿಂದ ಬಂದ ಹುಡುಗರು. ಕಾಡಿನೊಳಗೆ ಹೋಗುವ ಲೈನ್ ಯಾವ ದಿಬ್ಬ ಹತ್ತಿ ಯಾವ ಹಳ್ಳ ಇಳಿಯುತ್ತದೆ ಅನ್ನೋದು ಕಾಗದದಲ್ಲಿ ಇರಲಿಲ್ಲ, ಅಪ್ಪನಂಥವರ ತಲೆಯಲ್ಲಿತ್ತು. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದವನು. ಕೊರೋನಾ ಅಂತ ಊರಿಗೆ ಬಂದು ಕೂತಿದ್ದೆ. ಆ ತಲೆಯಲ್ಲಿದ್ದುದನ್ನು ನಕ್ಷೆಗೆ ಇಳಿಸೋಣ ಅಂತ ಶುರು ಮಾಡಿದೆ.

ಬಳಸಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಬಳಸಬಹುದು. ಕಂಬ, ಟವರ್, ಟಿಸಿ (ಟ್ರಾನ್ಸ್‌ಫಾರ್ಮರ್), ಸಬ್‌ಸ್ಟೇಷನ್, ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಗುರುತುಗಳಿವೆ. ಲೈನ್ ಎಷ್ಟು ಕೆವಿ, ಅಂದರೆ ಎಷ್ಟು ಸಾವಿರ ವೋಲ್ಟಿನದು ಅಂತಲೂ ಬರೆಯಬಹುದು. ಗೂಗಲ್ ಚಿತ್ರ ನೋಡಿ ನಕಲು ಮಾಡುವ ಹಾಗಿಲ್ಲ, ಬಿಂಗ್‌ನ ಉಪಗ್ರಹ ಚಿತ್ರಕ್ಕೆ ಅನುಮತಿ ಇದೆ. ಜೋಸಮ್ ಅನ್ನುವ ತಂತ್ರಾಂಶದಲ್ಲಿ ಚಿತ್ರವನ್ನು ಕೆಳಗೆ ಹಾಸಿಕೊಂಡು ಮೇಲೆ ಗೆರೆ ಎಳೆಯುತ್ತಾ ಹೋಗೋದು.

ದೊಡ್ಡ ಲೈನುಗಳು ಸಲೀಸು. ನಮ್ಮ ಜಿಲ್ಲೆಯಲ್ಲಿ ಅವಕ್ಕೆ ಬರವೂ ಇಲ್ಲ. ಕಾಳಿ ನದಿಗೇ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಪಕ್ಕದಲ್ಲೇ ಕೈಗಾ, 220 ಮೆಗಾವಾಟಿನ ನಾಲ್ಕು ಘಟಕ. ತಲೆ ಮೇಲೆ 400 ಕೆವಿ ಹೋಗುತ್ತದೆ, ಮನೆಯೊಳಗೆ ಚಿಮಣಿ ಬುಡ್ಡಿ ಹಚ್ಚಿಕೊಂಡಿರುತ್ತೇವೆ! ಅದಿರಲಿ. ದೊಡ್ಡ ಲೈನಿಗೆ ಕಾಡು ಕಡಿದು ದಾರಿ ಮಾಡಿರುತ್ತಾರೆ. ಮೇಲಿನಿಂದ ನೋಡಿದರೆ ಬೈತಲೆ ತೆಗೆದ ಹಾಗೆ ಕಾಣುತ್ತದೆ. ಟವರ್ ಕಾಣದಿದ್ದರೆ ಅದರ ನೆರಳು ಹುಡುಕಬೇಕು. ಎಷ್ಟು ಕೆವಿ ಅಂತ ತಿಳಿಯೋಕೆ ಮಾತ್ರ ಕೆಳಗೆ ಹೋಗಿ ನಿಂತು ತಂತಿ ತೂಗುಹಾಕಿದ ಪಿಂಗಾಣಿ ಡಿಸ್ಕ್ ಎಣಿಸಬೇಕು. 110ಕ್ಕೆ ಏಳೆಂಟು, 220ಕ್ಕೆ ಹದಿಮೂರು ಹದಿನಾಲ್ಕು, 400ಕ್ಕೆ ಇಪ್ಪತ್ತಮೂರರ ಆಸುಪಾಸು. ಅಪ್ಪ ಬೈಕಿನ ಹಿಂದೆ ಕೂತೇ ಎಣಿಸಿ ಹೇಳುತ್ತಿದ್ದ. ಸ್ಥಾವರ, ಅಣೆಕಟ್ಟುಗಳ ಬೇಲಿಯೊಳಗಿನ ಒಂದು ಗೆರೆಯನ್ನೂ ನಾನು ಬರೆದಿಲ್ಲ. ನಮಗೆ ಅದು ಬೇಕೂ ಇರಲಿಲ್ಲ.

ನಮ್ಮನ್ನು ಕತ್ತಲಲ್ಲಿ ಕೂರಿಸುವುದು 11 ಕೆವಿ ಲೈನ್. ಅದು ಚಿತ್ರದಲ್ಲಿ ಕಾಣುವುದೇ ಇಲ್ಲ. ಮರದ ಕೆಳಗೆ ನುಸುಳಿಕೊಂಡು ಹೋಗಿರುತ್ತದೆ. ನಡೆಯದೇ ಬೇರೆ ದಾರಿ ಇಲ್ಲ.

ಡಿಸೆಂಬರಿನಿಂದ ಮಾರ್ಚ್‌ವರೆಗೆ, ಭಾನುವಾರ ಭಾನುವಾರ, ಅಪ್ಪ ಮುಂದೆ ನಾನು ಹಿಂದೆ. ಅವನ ಕೈಯಲ್ಲಿ ಕತ್ತಿ, ನನ್ನ ಕೈಯಲ್ಲಿ ಮೊಬೈಲ್. ಪ್ರತಿ ಕಂಬಕ್ಕೂ ಎರಡು ನಿಮಿಷ ನಿಂತು ಜಿಪಿಎಸ್ ತೆಗೆದುಕೊಂಡು ಒಂದು ಫೋಟೋ ಹೊಡೆಯೋದು. ಒಟ್ಟು 214 ಕಂಬ, 9 ಟಿಸಿ, 3 ಕಡೆ ಲೈನ್ ಕಡಿದು ಹಾಕುವ ಸ್ವಿಚ್ಚು. ಅದಕ್ಕೆ ಅಪ್ಪನ ಬಾಯಲ್ಲಿ ಜಿಓಎಸ್ ಅಂತ. ಎಲ್ಲ ಮುಗಿಸಿ ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, "ಈ ಕಂಬ ನೀನು ಹಳ್ಳದಲ್ಲಿ ನಿಲ್ಲಿಸಿದ್ಯಲ್ಲ, ಮೀನು ಹಿಡೀಲಿಕ್ಕಾ?" ಅಂದ.

ನೋಡಿದರೆ ಹೌದು. ನನ್ನ ತಪ್ಪು ಎರಡು ಕಡೆ ಇತ್ತು. ದಟ್ಟ ಮರದ ಕೆಳಗೆ ಮೊಬೈಲಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ಹೇಳುತ್ತದೆ. ಹಳ್ಳವನ್ನು ನಾನು ಬರೆದಿದ್ದು ಉಪಗ್ರಹ ಚಿತ್ರ ನೋಡಿ, ಆ ಚಿತ್ರವೇ ನಮ್ಮ ಗುಡ್ಡದಲ್ಲಿ ಹದಿನೈದು ಮೀಟರ್ ಸರಿದು ಕೂತಿತ್ತು. ಬಯಲಲ್ಲಾದರೆ ಇದು ದೊಡ್ಡ ವಿಷಯವಲ್ಲ. ಇಳಿಜಾರಲ್ಲಿ ಹದಿನೈದು ಮೀಟರ್ ಅಂದರೆ ಕಂಬ ಧರೆಯ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆಯ) ಮೇಲಿದೆಯೋ ಕೆಳಗಿದೆಯೋ ಅನ್ನುವಷ್ಟು ವ್ಯತ್ಯಾಸ. ಬಯಲಿನಲ್ಲಿದ್ದ ಶಾಲೆಯ ಮೂಲೆ, ಸೇತುವೆಯ ತುದಿ, ಹೀಗೆ ಐದು ಜಾಗ ಅಳೆದು ಚಿತ್ರವನ್ನು ಸರಿಸಿಕೊಂಡು ಎಲ್ಲ ಕಂಬ ಮತ್ತೆ ನೆಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. ಈ ಕೆಲಸಕ್ಕೆ ಇಳಿಯುವವರು ಮೊದಲನೇ ದಿನವೇ ಮಾಡಿ.

ನಂತರ ಅಪಾಯದ ಲೆಕ್ಕ. ಭೂಕುಸಿತದ ಸಾಧ್ಯತೆ ತೋರಿಸುವ ನಕ್ಷೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಾಡಿದೆ, ಅದರ ಭೂಕೋಶ್ ತಾಣದಲ್ಲಿ ನೋಡಬಹುದು. ಅದನ್ನು ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ನನ್ನ ಕಂಬಗಳ ಕೆಳಗೆ ಹಾಸಿದೆ. ಆದರೆ ಅದು 1:50,000 ಅಳತೆಯ ನಕ್ಷೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ತಾಲ್ಲೂಕಿನ ಯಾವ ಭಾಗ ಮೊದಲು ನೋಡಬೇಕು ಅಂತ ತಿಳಿಯೋಕೆ ಒಳ್ಳೇದು. 83ನೇ ಕಂಬವೋ 84ನೆಯದೋ ಅಂತ ಅದು ಹೇಳಲಾರದು, ಹೇಳಲಿ ಅಂತ ಕೇಳೋದೂ ತಪ್ಪು. ಇಳಿಜಾರು ಅಳೆಯೋಕೆ 30 ಮೀಟರ್ ಚೌಕದ ಎತ್ತರದ ದತ್ತಾಂಶ ತಂದೆ. ಮನೆ ಕಟ್ಟೋಕೆ, ರಸ್ತೆ ಮಾಡೋಕೆ ಕಡಿದ ಆರೇಳು ಮೀಟರ್ ಧರೆ ಅದರ ಕಣ್ಣಿಗೇ ಬೀಳುವುದಿಲ್ಲ. ನಮ್ಮಲ್ಲಿ ಮೊದಲು ಕುಸಿಯೋದೇ ಅಂಥ ಧರೆಗಳು. ಸೆಂಟಿನೆಲ್ ಉಪಗ್ರಹದ ರೇಡಾರ್ ಚಿತ್ರದಿಂದ ನೆಲ ಸರಿಯುವುದನ್ನು ಅಳೆಯಬಹುದು ಅಂತ ಓದಿ ಎರಡು ತಿಂಗಳು ಒದ್ದಾಡಿದೆ. ಮೋಡ ಅದಕ್ಕೆ ಅಡ್ಡಿಯಲ್ಲ, ನಿಜ. ಆದರೆ ಅದರ ಅಲೆ ಎಲೆಗಳಿಗೇ ತಾಗಿ ವಾಪಸ್ ಹೋಗುತ್ತದೆ. ನನಗೆ ಸಿಕ್ಕಿದ್ದು ಪೂರ್ತಿ ಗದ್ದಲ.

ಬೇಜಾರಾಗಿ ಒಂದು ಸಂಜೆ ಫೋಟೋಗಳನ್ನು ಸುಮ್ನೆ ತಿರುವಿ ಹಾಕುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕವಳ ಹಾಕುತ್ತಾ ಕೂತಿದ್ದ. ಒಂದು ಫೋಟೋಕ್ಕೆ ತಡೆದ.

"ಇದು ವಾಲಿದೆ."

"ಕಂಬ ಅಂದಮೇಲೆ ವಾಲ್ತದೆ."

"ಇದರ ಮುಂದಿನದು ತೋರಿಸು. ಅದರ ಮುಂದಿನದು."

81, 82, 83. ಮೂರೂ ಒಂದೇ ಕಡೆಗೆ, ಕೆಳಗೆ ತೋಟದ ಕಡೆಗೆ ವಾಲಿದ್ದವು. 81 ಮತ್ತು 82ರ ನಡುವೆ ತಂತಿ ವೀಣೆಯ ಹಾಗೆ ಬಿಗಿದಿತ್ತು, 83 ಮತ್ತು 84ರ ನಡುವೆ ಜೋಲಿಯ ಹಾಗೆ ಇಳಿಬಿದ್ದಿತ್ತು. ಲೈನ್ ಎಳೆಯುವಾಗ ಹಾಗೆ ಯಾರೂ ಬಿಡುವುದಿಲ್ಲ, ಆಮೇಲೆ ಆಗಿದ್ದು ಅಂದ ಅಪ್ಪ. ತಿರುವಿನ ಕಂಬ ವಾಲಿದರೆ ತಂತಿಯ ಎಳೆತಕ್ಕೆ ತಿರುವಿನ ಒಳಗಡೆ ವಾಲುತ್ತದೆ, ಕಂಬವನ್ನು ನೆಲಕ್ಕೆ ಬಿಗಿದು ಹಿಡಿಯುವ ಸ್ಟೇ ವೈರ್ ಸಡಿಲಾಗಿದೆ ಅಂತ ಅರ್ಥ. ಒಂದೇ ಕಂಬ ವಾಲಿದರೆ ಗುಂಡಿ ಸರಿಯಾಗಿ ತೋಡಿಲ್ಲ, ಇಲ್ಲವೇ ಮರ ಬಿದ್ದಿದೆ. ನೆಟ್ಟಗೆ ಹೋಗುವ ಲೈನಿನಲ್ಲಿ ಸಾಲಾಗಿ ಮೂರು ಕಂಬ ಒಂದೇ ದಿಕ್ಕಿಗೆ ವಾಲಿ, ಪಕ್ಕದ ಮರಗಳ ಬುಡವೂ ಬಿಲ್ಲಿನ ಹಾಗೆ ಬಾಗಿದ್ದರೆ, ನಡೆಯುತ್ತಿರುವುದು ಕಂಬವಲ್ಲ, ಬೆಟ್ಟ.

ನಾನು ಇಷ್ಟು ದಿನ ಗುಡ್ಡದ ನಕ್ಷೆ ನೋಡಿ ಯಾವ ಕಂಬ ಬೀಳಬಹುದು ಅಂತ ಹುಡುಕುತ್ತಿದ್ದೆ. ಕಂಬ ನೋಡಿ ಯಾವ ಗುಡ್ಡ ಬರಬಹುದು ಅಂತ ಹುಡುಕಬಹುದು ಅನ್ನೋದು ಹೊಳೆದೇ ಇರಲಿಲ್ಲ. ಉಪಗ್ರಹಕ್ಕೆ ಕಾಣದ ಕಾಡಿನೊಳಗೆ ಐವತ್ತು ಅರವತ್ತು ಮೀಟರಿಗೊಂದರಂತೆ ನೆಟ್ಟಗೆ ಹುಗಿದ ಅಳತೆಗೋಲು ಇದೆ. ನೆಟ್ಟ ದಿನ ಅದು ನೆಟ್ಟಗಿತ್ತು ಅಂತಲೂ ಗೊತ್ತು. ಇನ್ನೇನು ಬೇಕು?

ಅಳೆಯೋ ರೀತಿ ಹೀಗೆ. ಕಂಬದಿಂದ ಹದಿನೈದು ಹೆಜ್ಜೆ ದೂರ ಒಂದು ಗಟ್ಟಿ ಕಲ್ಲು ಆರಿಸಿ ಅದಕ್ಕೆ ಬಣ್ಣದ ಚುಕ್ಕಿ ಇಟ್ಟೆವು. ಕಂಬಕ್ಕೆ ಬಣ್ಣ ಹಚ್ಚುವ ಹಾಗಿಲ್ಲ, ಅದು ನಮ್ಮದಲ್ಲ. ಕಲ್ಲಿನ ಮೇಲೆ ನಿಂತು ಗಾರೆಯವರ ತೂಕದ ಗುಂಡನ್ನು ಕಣ್ಣೆದುರು ಇಳಿಬಿಟ್ಟು, ದಾರವನ್ನು ಕಂಬದ ಬುಡದ ನಡುವಿಗೆ ಕೂಡಿಸಬೇಕು. ತುದಿ ದಾರದಿಂದ ಎಷ್ಟು ಆಚೆ ಹೋಗಿದೆ ನೋಡಬೇಕು. ಸೆಂಟಿಮೀಟರ್ ಹೇಳೋಕೆ ಹೋಗಲಿಲ್ಲ. 'ಅರ್ಧ ಕಂಬ', 'ಒಂದು ಕಂಬ', 'ಒಂದೂವರೆ ಕಂಬ', ಅಂದರೆ ಕಂಬದ್ದೇ ಅಗಲ ಅಳತೆ. ಅಡ್ಡ ದಿಕ್ಕಿನಿಂದ ಇನ್ನೊಂದು ಸಲ. ಅದೇ ಕಲ್ಲಿನಿಂದ ಒಂದು ಫೋಟೋ. ಮೇ ಕೊನೆಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ. ಮಳೆಯಲ್ಲಿ ಲೈನಿನ ಹತ್ತಿರ ಹೋಗಬಾರದು, ಸ್ಟೇ ವೈರ್ ಯಾವತ್ತೂ ಮುಟ್ಟಬಾರದು. ಅಪ್ಪನ ಈ ಎರಡು ಮಾತಿಗೆ ವಿನಾಯಿತಿ ಇಲ್ಲ.

214ರಲ್ಲಿ ವಾಲಿದ್ದು 61. ಅಪ್ಪನ ಜರಡಿಯಲ್ಲಿ ಉಳಿದಿದ್ದು 11, ಮೂರು ಗುಂಪು. ಒಂದು ಗುಂಪಿನ ಕೆಳಗೆ ಬೇಸಿಗೆಯಲ್ಲೂ ಜೌಳು ಆರುತ್ತಿರಲಿಲ್ಲ. ಅಲ್ಲಿ ಮೇಲೆ ಚಿರೇಕಲ್ಲು, ಅದರ ಕೆಳಗೆ ಜೇಡಿಯಂಥ ಮೆತ್ತನೆಯ ಶೇಡಿ ಮಣ್ಣು. ನೀರು ಕಲ್ಲಿನ ಮೂಲಕ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ, ಒದ್ದೆಯಾದ ಶೇಡಿ ಬೆಣ್ಣೆಯ ಹಾಗೆ. ಈ ವಾಲಿದ ಲೆಕ್ಕವನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕಿಲ್ಲ. ಅಲ್ಲಿ ಇರುವ ವಸ್ತುವನ್ನು ಬರೆಯಬೇಕೇ ಹೊರತು ನಮ್ಮ ಅನುಮಾನವನ್ನಲ್ಲ. ಅದು ನನ್ನ ಕ್ಯೂಜಿಐಎಸ್ ಕಡತದಲ್ಲಿದೆ.

ಕಡತದ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿದೆ, 'ಇದು ಬಿದ್ದರೆ ಏನು ಹೋಗುತ್ತದೆ' ಅಂತ. 83 ಬಿದ್ದರೆ ಕುಡಿಯುವ ನೀರಿನ ಪಂಪು, ಆರೋಗ್ಯ ಉಪಕೇಂದ್ರ, ಮೊಬೈಲ್ ಟವರ್ ಮೂರೂ ಹೋಗುತ್ತವೆ. ಟವರಿನ ಬ್ಯಾಟರಿ ಕೆಲವು ಗಂಟೆ ಬರುತ್ತದೆ, ಆಮೇಲೆ ಡೀಸೆಲ್ ಬೇಕು, ಡೀಸೆಲ್ ತರುವ ರಸ್ತೆ ಅದೇ ಗುಡ್ಡದ ಕೆಳಗೆ. ಮಳೆಯ ಎಚ್ಚರಿಕೆ ಎಸ್ಸೆಮ್ಮೆಸ್ ಬರೋದು ಅದೇ ಟವರಿನಿಂದ ಅಲ್ವಾ?

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತಲ್ಲ, ಆಗ ನನ್ನ ನಕ್ಷೆಯ ಇನ್ನೊಂದು ತೂತು ಕಂಡಿತು. ಮಣ್ಣಿನ ಜೊತೆ ಒಂದು ಅಡುಗೆ ಅನಿಲದ ಟ್ಯಾಂಕರ್ ಗಂಗಾವಳಿ ನದಿಗೆ ಬಿದ್ದು ತೇಲಿಹೋಯಿತು. ಅದರಲ್ಲಿದ್ದ ಅನಿಲವನ್ನು ಹುಷಾರಾಗಿ ಖಾಲಿ ಮಾಡಬೇಕಾಯಿತು. ನಾನು ನಿಂತಿರುವ ವಸ್ತುಗಳನ್ನಷ್ಟೇ ಬರೆದಿದ್ದೆ. ಇಂಧನ ಚಕ್ರದ ಮೇಲೂ ಓಡಾಡುತ್ತದೆ, ಓಡಾಡುವುದನ್ನು ನಕ್ಷೆಗೆ ಹಾಕಲಾಗದು. ಆದರೆ ಅದು ನಿಲ್ಲುವ ಜಾಗ ಹಾಕಬಹುದು. ಚಹಾ ಅಂಗಡಿ, ಊಟದ ಹೋಟೆಲು, ನೀರು ಸಿಗುವ ತಿರುವು. ಅರಬೈಲ್ ಘಟ್ಟದಲ್ಲಿ ಎರಡು ವಾರಾಂತ್ಯ ಕೂತು ಟ್ಯಾಂಕರುಗಳು ಎಲ್ಲೆಲ್ಲಿ ನಿಲ್ಲುತ್ತವೆ ಅಂತ ಬರೆದುಕೊಂಡೆ. ನಾಲ್ಕು ಜಾಗದಲ್ಲಿ ಎರಡರ ಹಿಂದೆ ನೆಟ್ಟಗೆ ಕಡಿದ ಧರೆ. ಈ ಕೆಲಸ ಇನ್ನೂ ಅರೆಬರೆ.

ನಕ್ಷೆ ಹಿಡಿದು ಒಂದು ಕಚೇರಿಗೆ ಹೋದಾಗ, "ನಿಮಗೆ ಇದನ್ನೆಲ್ಲ ಮಾಡೋಕೆ ಹೇಳಿದ್ಯಾರು?" ಅಂತ ಕೇಳಿದರು. ಉತ್ತರ ಹೊಳೆಯದೆ ವಾಪಸ್ ಬಂದೆ. ಉಪಯೋಗಕ್ಕೆ ಬಂದಿದ್ದು ಲ್ಯಾಮಿನೇಟ್ ಮಾಡಿಸಿ ನಮ್ಮ ಸೆಕ್ಷನ್ನಿನ ಲೈನ್‌ಮ್ಯಾನ್ ಹುಡುಗನಿಗೆ ಕೊಟ್ಟ ಎ3 ಹಾಳೆ. ವಿಜಯಪುರದ ಕಡೆಯವನು. ಜೀಪಿನ ಸೀಟಿನ ಹಿಂದೆ ಸಿಕ್ಕಿಸಿಕೊಂಡಿದ್ದಾನೆ. ಹೋದ ಮಳೆಗಾಲದಲ್ಲಿ ಲೈನ್ ಟ್ರಿಪ್ ಆದಾಗ ಮೊದಲು ಆ 11 ಕಂಬ ನೋಡಿಕೊಂಡು ಬರುತ್ತಿದ್ದ. ಅವನು ಮೇಲಿನವರಿಗೆ ಏನು ಹೇಳಿದನೋ, ಈ ಬೇಸಿಗೆಯಲ್ಲಿ 81ರಿಂದ 83ರವರೆಗಿನ ಲೈನನ್ನು ಬೆಟ್ಟದಿಂದ ಇಳಿಸಿ ರಸ್ತೆ ಬದಿಗೆ ಹಾಕಿದರು. ಗುತ್ತಿಗೆಯವರು ತಂತಿ ಸುತ್ತಿಕೊಂಡು, ಹಳೆ ಕಂಬ ಕೀಳೋಕೆ ಹಗ್ಗ ಕಟ್ಟಿದ್ದರು. ಅಪ್ಪ ಓಡಿಹೋಗಿ 83ಕ್ಕೆ ಅಡ್ಡ ನಿಂತ.

"ಕಾಕಾ, ಇದೊಂದು ಹಳೆ ಕಂಬ ಇಟ್ಕೊಂಡು ಏನ್ ಮಾಡ್ತೀರಿ?" ಅಂತ ಹುಡುಗ ಕೇಳಿದ.

"ನಾಲ್ಕು ವರ್ಷದ ಲೆಕ್ಕ ಇದೆ ಮಾರಾಯ ಇದರ ಮೇಲೆ" ಅಂದ ಅಪ್ಪ.

ಹಗ್ಗ ಬಿಚ್ಚಿದರು. ನಕ್ಷೆಯಲ್ಲಿ ಆ ಲೈನ್ ಅಳಿಸಿ, 83ಕ್ಕೆ 'ಬಳಕೆಯಲ್ಲಿಲ್ಲ' ಅನ್ನುವ ಗುರುತು ಹಾಕಿ ಉಳಿಸಿಕೊಂಡಿದ್ದೇನೆ. ಮೇ ಕೊನೆಯ ಅಳತೆ ಒಂದೂಕಾಲು ಕಂಬ.